ಗೀಸರ್ ಕೆಟ್ಟಿದೆಯಾ? ರಿಪೇರಿಯೋ ಹೊಸದೋ, ಮೊದಲು ಟ್ಯಾಂಕ್ ನೋಡಿ

ಸ್ನಾನಕ್ಕೆ ನಿಂತಾಗ ತಣ್ಣೀರು ಬಂದರೆ ಹಳೇ ಗೀಸರ್ ಎಸೆದು ಹೊಸದು ತಂದುಬಿಡೋಣ ಅನಿಸುತ್ತದೆ, ಅಲ್ವಾ? ಸ್ವಲ್ಪ ತಾಳಿ. ಗೀಸರಿನಲ್ಲಿ ಸರಿಮಾಡಲು ಆಗದ ಭಾಗ ಒಂದೇ, ಒಳಗಿನ ಟ್ಯಾಂಕ್. ಉಳಿದದ್ದೆಲ್ಲ ಬದಲಾಯಿಸಬಹುದು.

ಮೊದಲು ಎಂಸಿಬಿ ಆಫ್ ಮಾಡಿ, ಗೀಸರ್ ತಣ್ಣಗಾಗಲಿ. ಮುಟ್ಟಿದಾಗ ಅಥವಾ ನೀರಿನಲ್ಲಿ ಶಾಕ್ ಹೊಡೆದಿದ್ದರಂತೂ ಎಲೆಕ್ಟ್ರಿಷಿಯನ್ ಬಂದು ಎಲಿಮೆಂಟ್ (ನೀರು ಕಾಯಿಸುವ ಭಾಗ), ಅರ್ಥಿಂಗ್ ಎರಡನ್ನೂ ನೋಡುವವರೆಗೆ ಮತ್ತೆ ಆನ್ ಮಾಡಲೇಬೇಡಿ.

ಆಮೇಲೆ ನೀರು ಎಲ್ಲಿಂದ ಸೋರುತ್ತಿದೆ ಹುಡುಕಿ. ಪೈಪ್ ಸೇರುವ ಜಾಗದಲ್ಲಿ ಆದರೆ ಪ್ಲಂಬರ್ ಕೆಲಸ, ಅಷ್ಟೇ. ಸೇಫ್ಟಿ ವಾಲ್ವ್‌ನಿಂದ ನೀರು ಕಾಯುವಾಗ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ, ಬಿಸಿಯಾದ ನೀರು ಹಿಗ್ಗುತ್ತದೆ, ಆ ಒತ್ತಡ ಹೊರಹೋಗುವ ದಾರಿ ಅದು. ಸದಾ ಸೋರುತ್ತಿದ್ದರೆ ವಾಲ್ವ್ ಬದಲಾಯಿಸಿ, ನೀರಿನ ಪ್ರೆಷರ್ ಜಾಸ್ತಿ ಇದೆಯಾ ಅಂತಲೂ ನೋಡಿಸಿ. ಸೋರುತ್ತದೆ ಅಂತ ಅದರ ಬಾಯಿ ಮಾತ್ರ ಮುಚ್ಚಬೇಡಿ, ಟ್ಯಾಂಕ್ ಸಿಡಿಯಬಹುದು! ಇವೆಲ್ಲ ಬಿಟ್ಟು ಗೀಸರಿನ ಮೈಯಿಂದಲೇ ತುಕ್ಕು ಬಣ್ಣದ ನೀರು ಇಳಿಯುತ್ತಿದ್ದರೆ ಟ್ಯಾಂಕ್ ತೂತಾಗಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಬೆಸುಗೆ ಹಾಕಿಸಿ ದುಡ್ಡು ಕಳೆಯಬೇಡಿ, ವಾರಂಟಿ ಇನ್ನೂ ಇದೆಯಾ ನೋಡಿ. ಬಿಡಿಭಾಗಗಳ ವಾರಂಟಿ ಮುಗಿದಿದ್ದರೂ ಎಷ್ಟೋ ಸಲ ಟ್ಯಾಂಕಿನದ್ದು ಉಳಿದಿರುತ್ತದೆ.

ಸೋರಿಕೆ ಇಲ್ಲ, ಆದರೆ ನೀರು ಕಾಯುತ್ತಿಲ್ಲವೇ? ಸಾಮಾನ್ಯವಾಗಿ ಎಲಿಮೆಂಟ್, ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಅಥವಾ ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಕಟೌಟ್ ಹೋಗಿರುತ್ತದೆ. ರಿಪೇರಿಯೇ ಸರಿ.

ನಿಧಾನಕ್ಕೆ ಕಾಯುತ್ತಿದ್ದರೆ, ಒಳಗೆ ಕಟಕಟ ಸದ್ದು ಬಂದರೆ, ಗಡಸು ನೀರಿನ ಸುಣ್ಣ ಕಟ್ಟಿದೆ. ಕ್ಲೀನ್ ಮಾಡಿಸಿ. ಆಗಲೇ ಆನೋಡ್ ರಾಡ್ ಕೂಡ ತೆಗೆಸಿ ನೋಡಿ. ಮೆಗ್ನೀಸಿಯಂನ ಈ ಕಡ್ಡಿ ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ, ಎಷ್ಟೋ ಮನೆಗಳಲ್ಲಿ ಇದನ್ನು ಯಾರೂ ಬದಲಾಯಿಸುವುದೇ ಇಲ್ಲ, ನನಗೆ ಬೇಸರ ಆಗುವುದೇ ಅಲ್ಲಿ. ಕಡ್ಡಿ ಹೋಗಿ ಒಳಗಿನ ತಂತಿ ಮಾತ್ರ ಕಾಣುತ್ತಿದ್ದರೆ ತಡಮಾಡದೆ ಹೊಸದು ಹಾಕಿಸಿ.

ಬಿಸಿನೀರು ಕೆಂಪಗೆ ಬಂದರೆ ತಣ್ಣೀರಿನ ನಲ್ಲಿಯನ್ನೂ ಬಿಟ್ಟು ನೋಡಿ. ಅಲ್ಲೂ ಕೆಂಪಾಗಿದ್ದರೆ ತಪ್ಪು ಗೀಸರಿನದ್ದಲ್ಲ.

ಇನ್ನು ವಯಸ್ಸು. ತಯಾರಾದ ವರ್ಷ ಗೀಸರಿನ ಮೇಲಿನ ಲೇಬಲ್‌ನಲ್ಲಿ ಇರುತ್ತದೆ. ಟ್ಯಾಂಕ್ ಇರುವ ಗೀಸರ್ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ. 10 ದಾಟಿದ್ದು, ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧಕ್ಕಿಂತ ಜಾಸ್ತಿ ಆಗುವಂತಿದ್ದರೆ ಹೊಸದನ್ನೇ ತನ್ನಿ. ರಿಪೇರಿಯೇ ಅಂತಾದರೆ, ಎಲಿಮೆಂಟ್ ಬಿಚ್ಚಿದಾಗ ಅದರ ಗ್ಯಾಸ್ಕೆಟ್ಟನ್ನೂ (ನೀರು ಸೋರದಂತೆ ತಡೆಯುವ ರಬ್ಬರ್ ಬಿಲ್ಲೆ) ಹೊಸದು ಹಾಕಲು ಹೇಳಿ, ಹಳೆಯದನ್ನೇ ಕೂರಿಸಿದರೆ ಅಲ್ಲಿಂದಲೇ ಸೋರಲು ಶುರುವಾಗಬಹುದು.