ಗಾಳಿ ಬೋಟು ಹೊಳೆಗೆ ಇಳಿಸಬೇಕಾ? ಮೊದಲು ಎಮ್ಮೆ ಇಳಿಯುವ ದಾರಿ ಹುಡುಕಿ

ಗಾಳಿ ತುಂಬುವ ಬೋಟು ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಮೋಟಾರ್ ಎಷ್ಟು ಎಚ್‌ಪಿ ಅಂತ. ನಾನೂ ಅದನ್ನೇ ಕೇಳಿದ್ದೆ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಗೆ ಎರಡು ವರ್ಷ ಬೋಟು ಹೊತ್ತು, ಇಳಿಸಿ, ಮತ್ತೆ ಎಳೆದು ಬೆನ್ನು ಹಿಡಿಸಿಕೊಂಡ ಮೇಲೆ ಗೊತ್ತಾಯಿತು, ನೀರಿನ ಮೇಲಿನ ಕೆಲಸ ಸುಲಭ. ಗಾಡಿ ನಿಲ್ಲಿಸಿದ ಜಾಗದಿಂದ ನೀರಿನ ಅಂಚಿಗೆ ಇರುವ ಐವತ್ತು ಹೆಜ್ಜೆಯೇ ಕಷ್ಟ. ಮೊದಲ ದಿನ ನಾನು ಬೋಟು ಬಿಚ್ಚುವುದನ್ನು ಹರಿಗೋಲು ಹಾಕುವ ಕಾಕಾ ಒಬ್ಬರು ಬೀಡಿ ಸೇದುತ್ತ ನೋಡುತ್ತಿದ್ದರು. ಕೊನೆಗೆ ಕೇಳಿದರು, ‘ತಮ್ಮಾ, ಇಳಸೂದ ಇರಲಿ, ಹತ್ತಸೂದು ಎಲ್ಲಿ ಅಂತ ನೋಡೀಯೇನು?’ ನೋಡಿರಲಿಲ್ಲ.

ಎಲ್ಲಿ ಇಳಿಸಬೇಕು?

ಹುಬ್ಬಳ್ಳಿ-ಧಾರವಾಡದವರಿಗೆ ಪಕ್ಕದಲ್ಲೇ ಹೊಳೆ ಇಲ್ಲ. ಶಾಲ್ಮಲೆ ಹುಟ್ಟುವುದು ಧಾರವಾಡದಲ್ಲೇ ಆದರೂ ಹುಟ್ಟಿದ ಊರಲ್ಲಿ ಅದಕ್ಕೆ ಕಾಗದದ ದೋಣಿಯೇ ಸರಿ. ಹಾಗಾಗಿ ಹಾವೇರಿ ಕಡೆ ವರದೆಗೋ ತುಂಗಭದ್ರೆಗೋ ಬರಬೇಕು. ವರದೆ ಚಿಕ್ಕದು, ಬೇಸಿಗೆಯಲ್ಲಿ ಸೊರಗುತ್ತದೆ. ಅದು ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಅಂಬಿಗರ ಚೌಡಯ್ಯನ ಹೆಸರಿನ ಚೌಡಯ್ಯದಾನಪುರವೂ ಇದೇ ಹೊಳೆಯ ದಂಡೆಯ ಊರು. ಈ ನೀರಿಗೆ ದೋಣಿ ಹೊಸದೇನಲ್ಲ, ಮೋಟಾರ್ ಅಷ್ಟೇ ಹೊಸದು. ಗದಗಿನವರು ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರು ನೋಡಿ ಆಸೆಪಡುತ್ತಾರೆ. ನಿಂತ ನೀರು, ಅಗಲವಾದ ಜಾಗ, ನಿಜ. ಆದರೆ ಗೇಟಿನ ಹತ್ತಿರ ಮಾತ್ರ ಸುಳಿಯಬೇಡಿ, ಮೇಲೆ ಸುಮ್ನೆ ಮಲಗಿದಂತೆ ಕಾಣುವ ನೀರು ಗೇಟು ಎತ್ತಿದಾಗ ಒಳಗೊಳಗೇ ಎಳೆಯುತ್ತದೆ. ಮತ್ತೆ ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಸರನ್ನೇ ತೆಗೆಯಬೇಡಿ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬರುವ ಜಾಗ ಅದು, 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ.

ಜಾಗ ಗೊತ್ತಾದ ಮೇಲೆ ಪಂಚಾಯ್ತಿಯಲ್ಲಿ, ನೀರಾವರಿ ಇಲಾಖೆಯಲ್ಲಿ, ಊರಿನ ಮೀನುಗಾರರಲ್ಲಿ ಒಂದು ಮಾತು ಕೇಳಿ. ಮೋಟಾರಿನಿಂದ ಓಡುವ ದೋಣಿಗಳ ನೋಂದಣಿಗೆ 2021ರ ಇನ್‌ಲ್ಯಾಂಡ್ ವೆಸಲ್ಸ್ ಕಾಯ್ದೆ ಇದೆ, 1917ರ ಹಳೇ ಕಾಯ್ದೆಯ ಜಾಗಕ್ಕೆ ಬಂದದ್ದು. ‘ಪ್ಲಾಸ್ಟಿಕ್ ಬೋಟಿಗೆ ಎಂಥ ಕಾಗದ’ ಅನ್ನುವವರ ಮಾತು ಕೇಳಿ ಕೂರಬೇಡಿ.

ದಂಡೆ ನೋಡುವ ಕಣ್ಣು

ಹಿಂದಿನ ದಿನವೇ ಬರಿಗೈಯಲ್ಲಿ ಹೋಗಿ. ಗುಡಿಯ ಮುಂದಿನ ಮೆಟ್ಟಿಲು ಚೆನ್ನಾಗಿ ಕಾಣುತ್ತದೆ, ಆದರೆ ನೀರು ಮುಟ್ಟುವ ಮೆಟ್ಟಿಲಿಗೆ ಪಾಚಿ ಹಿಡಿದಿರುತ್ತದೆ, ಜನ ಸ್ನಾನ ಮಾಡುತ್ತಿರುತ್ತಾರೆ. ಅಲ್ಲಿ ಬೇಡ. ಎರೆ ಮಣ್ಣಿನ ದಂಡೆ ಒಣಗಿದಾಗ ಕಲ್ಲು, ನೆನೆದಾಗ ಅಂಟು. ಮೋಟಾರ್ ಹೊತ್ತು ಮೊಣಕಾಲುದ್ದ ಹೂತುಕೊಂಡರೆ ಹೊರಗೆ ಬರಲು ಇನ್ನೊಬ್ಬರು ಬೇಕು. ನಾನು ಈಗ ಹುಡುಕುವುದು ಎಮ್ಮೆ ನೀರಿಗೆ ಇಳಿಯುವ ದಾರಿ. ಇಳಿಜಾರು ನಿಧಾನ, ನೆಲ ತುಳಿದು ತುಳಿದು ಗಟ್ಟಿ, ಮುಂದೆ ನೀರಿನೊಳಗೂ ದಿಢೀರನೆ ಆಳ ಇರುವುದಿಲ್ಲ. ಸಗಣಿ ಇರುತ್ತದೆ, ಇರಲಿ.

ದಾರಿ ಸಿಕ್ಕಿತು ಅಂದುಕೊಳ್ಳಿ. ಗಳ ಹಿಡಿದು ನೀರಿಗೆ ಇಳಿದು ಹತ್ತು ಹೆಜ್ಜೆ ತಡವಿ ನೋಡಿ. ಉಸುಕು ತೆಗೆದ ಕಡೆ ಈ ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಆಳುದ್ದ. ಮೇಲಿನಿಂದ ಏನೂ ಕಾಣುವುದಿಲ್ಲ. ರೈತರ ಪಂಪ್‌ಸೆಟ್ಟಿನ ಪೈಪು, ಫುಟ್‌ವಾಲ್ವ್, ಅದಕ್ಕಿಂತ ಮುಖ್ಯವಾಗಿ ದಂಡೆಯ ಮೇಲೆ ಎಳೆದ ಕರೆಂಟಿನ ವೈರು ಎಲ್ಲಿದೆ ಅಂತ ನೋಡಿಕೊಳ್ಳಿ. ಜೋಡಣೆಗೆ ಟೇಪು ಸುತ್ತಿದ ವೈರು ನೀರಲ್ಲಿ ಬಿದ್ದಿದ್ದರೆ ಆ ದಂಡೆಯೇ ಬೇಡ. ತುಂಗಭದ್ರೆಯಲ್ಲಿ ಮೊಸಳೆಯೂ ಇವೆ. ಯಾವ ಮಡುವಿನಲ್ಲಿ ಕಾಣಿಸುತ್ತವೆ ಅಂತ ಊರವರಿಗೆ ಗೊತ್ತಿರುತ್ತದೆ, ಕೇಳಿ.

ಇನ್ನು ಬಳ್ಳಾರಿ ಜಾಲಿ. ದಂಡೆ ತುಂಬ ಇದೇ. ಒಣಗಿ ಬಿದ್ದ ಮುಳ್ಳು ಉಸುಕಿನಲ್ಲಿ ಕಾಣುವುದೇ ಇಲ್ಲ, ಚಪ್ಪಲಿ ದಾಟಿ ಕಾಲಿಗೆ ಬರುವ ಮುಳ್ಳಿಗೆ ಬೋಟಿನ ಪಿವಿಸಿ ಬಟ್ಟೆ ಯಾವ ಲೆಕ್ಕ. ಅದರ ದಪ್ಪ ಸಾಮಾನ್ಯವಾಗಿ 0.7ರಿಂದ 0.9 ಮಿಲಿಮೀಟರ್ ಅಷ್ಟೇ. ಮನೆಯಿಂದ ಕಸಬರಿಗೆ ಒಯ್ದು ಜಾಗ ಗುಡಿಸಿ, ಮೇಲೆ ದಪ್ಪ ತಾಡಪತ್ರಿ ಹಾಸಿ, ಅದರ ಮೇಲೆ ಬೋಟು ಬಿಚ್ಚಿ. ಹೊಳೆ ದಂಡೆ ಗುಡಿಸುವವನನ್ನು ಕಂಡು ಜನ ನಗುತ್ತಾರೆ. ಪಂಕ್ಚರ್ ಹಚ್ಚುವಾಗ ಯಾರೂ ಇರುವುದಿಲ್ಲ.

ಹೊಳೆ ಹೇಗಿದೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋಟು ಅಟ್ಟದ ಮೇಲೇ ಇರಲಿ. ದೀಪಾವಳಿ ಮುಗಿದು ಸಂಕ್ರಾಂತಿವರೆಗೆ ಒಳ್ಳೆಯ ಕಾಲ. ಆಗಲೂ ಬೆಳಿಗ್ಗೆ ಪೇಪರಿನಲ್ಲಿ ಜಲಾಶಯದ ಮಟ್ಟ ಬರುತ್ತದಲ್ಲ, ಅದನ್ನು ಓದಿ. ಗಾಜನೂರಿನಿಂದ ತುಂಗೆ, ಲಕ್ಕವಳ್ಳಿಯಿಂದ ಭದ್ರೆ, ಕೂಡಲಿಯಲ್ಲಿ ಎರಡೂ ಸೇರಿ ನಮ್ಮ ಕಡೆ ಬರುತ್ತವೆ. ಇಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಅಲ್ಲಿ ನೀರು ಬಿಟ್ಟರೆ ನಮ್ಮ ದಂಡೆ ಮುಳುಗುತ್ತದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹೊರಹರಿವು 10,000 ಕ್ಯುಸೆಕ್ ಅಂತ ಬರೆದಿದ್ದರೆ ಸೆಕೆಂಡಿಗೆ 2.8 ಲಕ್ಷ ಲೀಟರ್ ಅಂತ ಓದಿಕೊಳ್ಳಿ. ಅಂಕಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಅವತ್ತು ಬೇರೆ ಕೆಲಸ ನೋಡಿ.

ಸೆಳವು ಅಳೆಯುವುದಕ್ಕೆ ಯಂತ್ರ ಬೇಡ. ದಂಡೆಯಲ್ಲಿ 10 ಮೀಟರ್ ಅಳೆದು ಎರಡು ಕಲ್ಲು ಇಡಿ, ನಡುನೀರಿಗೆ ಒಂದು ಕಡ್ಡಿ ಎಸೆಯಿರಿ. ಅದು 10 ಸೆಕೆಂಡಿನಲ್ಲಿ ದಾಟಿದರೆ ಸೆಳವು ತಾಸಿಗೆ 3.6 ಕಿಲೋಮೀಟರ್. ಸಣ್ಣ ಬ್ಯಾಟರಿ ಮೋಟಾರಿನ ಬೋಟು ನಿಂತ ನೀರಿನಲ್ಲೇ ತಾಸಿಗೆ ಐದಾರು ಕಿಲೋಮೀಟರ್ ಓಡಿದರೆ ಜಾಸ್ತಿ. ಅಂದರೆ ಇಂಥ ಸೆಳವಿನ ಎದುರು ನೀವು ತೆವಳುತ್ತೀರಿ ಅಷ್ಟೇ. ಕಡ್ಡಿ ಇದಕ್ಕಿಂತ ಬೇಗ ಓಡಿದರೆ ಹೊಸಬರು ಇಳಿಯಲೇಬಾರದು.

ಗಾಳಿ, ಬೂಚು, ಮೋಟಾರ್

ಇಬ್ಬರು ಮೂವರಿಗೆ 2.7 ಮೀಟರಿನ ಬೋಟು ಸಾಕು. ಅದರ ಸುತ್ತಿನ ಕೊಳವೆಯಲ್ಲಿ ಸಾಮಾನ್ಯವಾಗಿ ಮೂರು ಕೋಣೆ ಇರುತ್ತವೆ. ಒಂದಕ್ಕೇ ಪೂರ್ತಿ ಗಾಳಿ ತುಂಬಬೇಡಿ, ನಡುವಿನ ಗೋಡೆ ಒಂದೇ ಕಡೆ ಉಬ್ಬಿ ಎಳೆದಂತಾಗುತ್ತದೆ. ಎಲ್ಲದಕ್ಕೂ ಅರ್ಧರ್ಧ ತುಂಬಿ, ಆಮೇಲೆ ಒಂದು ಸುತ್ತು ಪೂರ್ತಿ ಮಾಡಿ, ಅಡಿಯ ಉಬ್ಬಿನದು ಕೊನೆಗೆ. ಕೊಳವೆಯ ಗಾಳಿ ಒತ್ತಡ ಬಹಳಷ್ಟು ಬೋಟುಗಳಲ್ಲಿ 0.25 ಬಾರ್, ಅಂದರೆ ಮೂರೂವರೆ ಪಿಎಸ್‌ಐ ಚಿಲ್ಲರೆ. ಬೋಟಿನ ಮೇಲೆ ಬರೆದಿರುತ್ತದೆ, ಅದೇ ಕೊನೆಯ ಮಾತು. ಟಯರ್ ಅಂಗಡಿಯ ಕಂಪ್ರೆಸರ್ ಹತ್ತಿರ ಒಯ್ಯುವ ಜಾಣತನ ಬೇಡ.

ನಮ್ಮ ಬಿಸಿಲಿನ ಲೆಕ್ಕ ಇಲ್ಲಿ ಬರುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 0.25 ಬಾರ್ ತುಂಬಿ ದಂಡೆಯಲ್ಲೇ ಬಿಟ್ಟು ಮಂಡಕ್ಕಿ ಮಿರ್ಚಿ ತಿನ್ನಲು ಹೋದಿರಿ ಅಂತ ಇಟ್ಟುಕೊಳ್ಳಿ. ಒಳಗಿನ ಗಾಳಿ 45 ಡಿಗ್ರಿ ಆಗುವಷ್ಟರಲ್ಲಿ ಒತ್ತಡ 0.33 ಬಾರ್ ಹತ್ತಿರ ಹೋಗಿರುತ್ತದೆ, ಮೂರನೇ ಒಂದು ಪಾಲು ಜಾಸ್ತಿ. ಅಂಟಿಸಿದ ಜೋಡಣೆ ಬಿಡುವುದು ಹೀಗೆ. ನೀರಿಗೆ ಇಳಿದರೆ ಉಲ್ಟಾ, ತಣ್ಣಗಾಗಿ ಮೆತ್ತಗಾಗುತ್ತದೆ. ಅದಕ್ಕೇ ದಂಡೆಯಲ್ಲಿ ಸ್ವಲ್ಪ ಕಡಿಮೆ ತುಂಬಿ, ನೀರಲ್ಲಿ ಹತ್ತು ನಿಮಿಷ ತೇಲಲು ಬಿಟ್ಟು, ಮತ್ತೆ ಪಂಪು ಹೊಡೆಯಿರಿ. ಪಂಪು ಬೋಟಿನಲ್ಲೇ ಇರಲಿ.

ಹಿಂದಿನ ಹಲಗೆಯ ಕೆಳಗೆ ನೀರು ಬಸಿಯುವ ತೂತು ಇರುತ್ತದೆ, ಅದಕ್ಕೊಂದು ಬೂಚು. ಬೂಚು ಹಾಕಿ. ಒಮ್ಮೆ ನಾನು, ಭಾವ, ಊಟದ ಡಬ್ಬಿ ಎಲ್ಲ ಸೇರಿ ಹೊರಟು ನಡುಹೊಳೆಯಲ್ಲಿ ಕಾಲು ತಣ್ಣಗಾಯಿತಲ್ಲ ಅಂತ ನೋಡಿದರೆ ಬೂಚು ನನ್ನ ಅಂಗಿಯ ಕಿಸೆಯಲ್ಲಿತ್ತು. ಕೊಳವೆಯಲ್ಲಿ ಗಾಳಿ ಇರುವವರೆಗೆ ಬೋಟು ಮುಳುಗುವುದಿಲ್ಲ, ಆದರೆ ರೊಟ್ಟಿ ನೆನೆಯುತ್ತದೆ. ಭಾವ ಅದನ್ನು ಈಗಲೂ ಮದುವೆ ಮನೆಗಳಲ್ಲಿ ಹೇಳುತ್ತಾರೆ.

ಬೋಟನ್ನು ಎಳೆಯಬೇಡಿ, ಇಬ್ಬರು ಎತ್ತಿಕೊಂಡು ಹೋಗಿ. ಮೂತಿ ದಂಡೆ ಕಡೆ, ಹಿಂಭಾಗ ಮೊಣಕಾಲುದ್ದ ನೀರಿನಲ್ಲಿ ಇರಲಿ. ಒಬ್ಬರು ಬೋಟು ಹಿಡಿದಿರಬೇಕು. ಮೋಟಾರನ್ನು ಹಲಗೆಗೆ ಕೂರಿಸುವ ಮುಂಚೆಯೇ ಒಂದು ಹಗ್ಗದಿಂದ ಬೋಟಿಗೆ ಕಟ್ಟಿ, ಯಾಕೆಂದರೆ ಅದರ ತಿರುಪು ಸಡಿಲಾಗುವುದು ಆಳದಲ್ಲೇ. ಆಮೇಲೆ ನಡುವಿಗೆ ಕೂರಿಸಿ, ಎರಡೂ ತಿರುಪು ಕೈಯಲ್ಲೇ ಬಿಗಿ ಮಾಡಿ. ಇಂಥ ಬೋಟಿಗೆ 15 ಇಂಚಿನ ಶಾರ್ಟ್ ಶಾಫ್ಟ್ ಮೋಟಾರ್ ಸರಿ. ಪ್ರೊಪೆಲರ್ ಮೇಲಿನ ಅಡ್ಡ ತಟ್ಟೆ ಬೋಟಿನ ತಳದ ಮಟ್ಟಕ್ಕೋ ಒಂದಿಂಚು ಕೆಳಗೋ ಬರಬೇಕು.

ಪೆಟ್ರೋಲಾ ಬ್ಯಾಟರಿಯಾ ಅಂದರೆ, ಹಿನ್ನೀರಿಗೆ ಬ್ಯಾಟರಿ, ಹರಿಯುವ ಹೊಳೆಗೆ ಪೆಟ್ರೋಲ್ ಅನ್ನುತ್ತೇನೆ. 55 ಪೌಂಡ್ ನೂಕುಬಲದ 12 ವೋಲ್ಟ್ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆ್ಯಂಪಿಯರ್ ಎಳೆಯುತ್ತದೆ. 100 ಆ್ಯಂಪಿಯರ್-ಅವರ್‌ನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಸಿಗುವುದು ಒಂದು ತಾಸೂ ಇಲ್ಲ. ಮನೆಯ ಇನ್ವರ್ಟರ್ ಬ್ಯಾಟರಿ ಬಿಚ್ಚಿ ಒಯ್ಯುವ ಯೋಚನೆ ಎಲ್ಲರಿಗೂ ಬರುತ್ತದೆ. ಅದು ಐವತ್ತು ಕಿಲೋ ಮೇಲಿರುತ್ತದೆ, ಆಸಿಡ್ ಚೆಲ್ಲುತ್ತದೆ, ಮತ್ತು ಅವತ್ತೇ ಕರೆಂಟ್ ಹೋಗುತ್ತದೆ. ಟೂ-ಸ್ಟ್ರೋಕ್ ಪೆಟ್ರೋಲ್ ಮೋಟಾರಾದರೆ ಆಯಿಲ್ ಬೆರೆಸಬೇಕು. 50:1 ಅಂತ ಬರೆದಿದ್ದರೆ ಲೀಟರಿಗೆ 20 ಮಿಲಿಲೀಟರ್. ಫೋರ್-ಸ್ಟ್ರೋಕಿಗೆ ಬೆರೆಸುವ ಹಾಗಿಲ್ಲ.

ಹೊರಡುವುದು, ಬರುವುದು

ಎಲ್ಲರೂ ಲೈಫ್ ಜಾಕೆಟ್ ಹಾಕಿಯೇ ಹತ್ತಬೇಕು. ಬೋಟಿನಲ್ಲಿ ದಿಂಬಿನ ಹಾಗೆ ಇಟ್ಟುಕೊಂಡರೆ ಉಪಯೋಗವಿಲ್ಲ. ಈಜು ಬರುತ್ತದೆ ಅನ್ನುವವರಿಗೂ ಇದೇ ಮಾತು. ಮೋಟಾರ್ ಎತ್ತಿದ ಸ್ಥಿತಿಯಲ್ಲೇ ಹುಟ್ಟು ಹಾಕಿ ಸೊಂಟದುದ್ದ ನೀರಿಗೆ ಹೋಗಿ. ಕಿಲ್ ಸ್ವಿಚ್ಚಿನ ದಾರವನ್ನು ಕೈಗೆ ಕಟ್ಟಿಕೊಂಡು, ಮೋಟಾರ್ ಇಳಿಸಿ, ಚಾಲೂ ಮಾಡಿ. ನೀವು ಬಿದ್ದರೆ ದಾರ ಕಿತ್ತು ಮೋಟಾರ್ ನಿಲ್ಲಬೇಕು, ಇಲ್ಲದಿದ್ದರೆ ಬೋಟು ನಿಮ್ಮನ್ನು ಬಿಟ್ಟು ಹೋಗುತ್ತದೆ, ಅಥವಾ ತಿರುಗಿ ನಿಮ್ಮ ಮೇಲೇ ಬರುತ್ತದೆ. ನೀರಿನಿಂದ ತಂಪಾಗುವ ಎಂಜಿನ್ನಾದರೆ ಹಿಂದಿನಿಂದ ಪಿಚಕಾರಿಯ ಹಾಗೆ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ಕೂಡಲೇ ಬಂದ್ ಮಾಡಿ, ಉಸುಕೋ ಕಸವೋ ಸಿಕ್ಕಿರುತ್ತದೆ. ಒಬ್ಬರೇ ಇದ್ದರೆ ಮೂತಿ ಮೇಲೇಳುತ್ತದೆ, ಪೆಟ್ರೋಲ್ ಡಬ್ಬಿ, ಕುಡಿಯುವ ನೀರು ಮುಂದಕ್ಕೆ ಇಡಿ.

ಮೊದಲು ಹೊಳೆಗೆ ಎದುರಾಗಿಯೇ ಹೋಗಿ. ಇದು ಕಾಕಾ ಹೇಳಿಕೊಟ್ಟಿದ್ದು. ಮೋಟಾರ್ ಕೈಕೊಟ್ಟರೆ ಸೆಳವೇ ನಿಮ್ಮನ್ನು ಗಾಡಿ ನಿಲ್ಲಿಸಿದ ಕಡೆ ತಂದು ಬಿಡುತ್ತದೆ, ಹುಟ್ಟಿನಿಂದ ದಂಡೆಗೆ ತಿರುಗಿಸಿಕೊಂಡರೆ ಆಯಿತು. ಸೆಳವಿನ ಜೊತೆ ಕೆಳಗೆ ಹೋಗಿ ನಿಂತುಬಿಟ್ಟಿರೋ, ಜಾಲಿ ಪೊದೆಯಲ್ಲಿ ಬೋಟು ಹೊತ್ತು ನಡೆಯಬೇಕು. ಇದು ನಾನು ನಡೆದು ಕಲಿತದ್ದು.

ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಅದು ಕಸವಲ್ಲ, ಕೆಳಗೆ ಬಲೆ ಇದೆ. ಸುತ್ತಿ ಹೋಗಿ. ಪ್ರೊಪೆಲರಿಗೆ ಬಲೆ ಸುತ್ತಿಕೊಂಡರೆ ಮೋಟಾರ್ ಬಂದ್ ಮಾಡಿ, ಎತ್ತಿ, ಕೈಯಿಂದ ಬಿಡಿಸಿ. ಕತ್ತರಿಸಲೇಬೇಕಾದರೆ ಬಲೆಯವರನ್ನು ಹುಡುಕಿ ದುಡ್ಡು ಕೊಟ್ಟು ಬನ್ನಿ, ಮುಂದಿನ ವಾರ ಅದೇ ದಂಡೆಗೆ ಹೋಗಬೇಕಲ್ವಾ.

ದಂಡೆಗೆ ಬರುವಾಗ ಮೂತಿಯನ್ನು ಸೆಳವಿಗೆ ಎದುರು ಹಿಡಿದು ಓರೆಯಾಗಿ ಬನ್ನಿ, ಆಗ ಬೋಟು ನಿಧಾನವಾಗಿ ಕೈಗೆ ಸಿಗುತ್ತದೆ. ಸೊಂಟದುದ್ದ ನೀರು ಬಂತು ಅನ್ನುವಾಗಲೇ ಮೋಟಾರ್ ನಿಲ್ಲಿಸಿ ಎತ್ತಿಬಿಡಿ. ಉಳಿದದ್ದು ಹುಟ್ಟಿನಲ್ಲಿ. ಮೊದಲು ಮೋಟಾರ್ ಬಿಚ್ಚಿ ಮೇಲೆ ಒಯ್ಯಿರಿ, ಆಮೇಲೆ ಬೋಟು.

ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆಯಿರಿ, ಹಲಗೆ ಮತ್ತು ಕೊಳವೆಯ ನಡುವಿನ ಸಂದಿಯಲ್ಲಿ ಉಸುಕು ಕೂತಿರುತ್ತದೆ, ಅದು ಉಜ್ಜಿ ಉಜ್ಜಿಯೇ ತೂತು ಮಾಡುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಿ ಮಡಚಿ. ಆಮೇಲೆ ಜೋಳದ ಚೀಲದ ಪಕ್ಕ ಇಡಬೇಡಿ. ನಮ್ಮ ಬೋಟಿಗೆ ಇರುವ ಮೂರು ತೇಪೆಯಲ್ಲಿ ಒಂದು ಜಾಲಿ ಮುಳ್ಳಿನದು, ಎರಡು ಇಲಿಯದು.