ಒಂಟಾರಿಯೊದಲ್ಲಿ ಸಬ್ಸಿಡಿ ಮನೆ: ಕಲಬುರಗಿ, ಬೀದರ್, ಯಾದಗಿರಿಯಿಂದ ಬಂದವರು ಬಾಡಿಗೆ ಬಗ್ಗೆ ತಿಳಿದಿರಬೇಕಾದದ್ದು

ಈ ಬರಹ ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಬಂದವರಿಗೆ ಮತ್ತು ಬರಲು ತಯಾರಿ ಮಾಡಿಕೊಂಡವರಿಗೆ. ಅದರಲ್ಲೂ ನಮ್ಮ ಕಡೆಯವರಿಗೆ. ಬೇರೆ ಪ್ರಾಂತ್ಯದ ನಿಯಮ ಬೇರೆ, ಅದನ್ನು ಇದರ ಜೊತೆ ಕಲಸಬೇಡಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆದಾಯ ನೋಡಿ ಮನೆ ಬಾಡಿಗೆ ಕಡಿಮೆ ಮಾಡಿಕೊಡುವ ಸಬ್ಸಿಡಿ ಕಳೆದುಕೊಂಡು ಒದ್ದಾಡಿದ ನಮ್ಮ ಮಂದಿಯನ್ನು ನಾನು ನೋಡಿದ್ದೇನೆ. ಜಾಸ್ತಿ ದುಡಿದರು ಅಂತ ಯಾರೂ ಕಳೆದುಕೊಳ್ಳಲಿಲ್ಲ. ಟ್ಯಾಕ್ಸ್ ಫೈಲ್ ಮಾಡಲಿಲ್ಲ, ಬಂದ ಪತ್ರಕ್ಕೆ ಉತ್ತರ ಬರೆಯಲಿಲ್ಲ, ಮನೆಗೆ ಯಾರೋ ಬಂದು ಸೇರಿಕೊಂಡಿದ್ದನ್ನು ಮನೆ ಕೊಟ್ಟ ಸಂಸ್ಥೆಯ ಆಫೀಸಿಗೆ ತಿಳಿಸಲಿಲ್ಲ. ಸುಮ್ನೆ ಕೂತರು, ಅದಕ್ಕೇ ಹೋಯಿತು. ಇಲ್ಲಿ ಎಲ್ಲ ನಡೆಯುವುದು ಕಾಗದದ ಮೇಲೆ.

ಊರಲ್ಲಿ ಮನೆ ಬಾಡಿಗೆ ಹಿಡಿಯುವುದು ಹೇಗೆ ಅಂತ ನಿಮಗೇ ಗೊತ್ತು. ಸೇಡಂ ರಸ್ತೆ ಕಡೆ ಒಂದು ಮನೆ ನೋಡಿದಿರಿ ಅನ್ನಿ, ಮಾಲೀಕರು ಕೆಳಗೇ ಇರುತ್ತಾರೆ, ಅಡ್ವಾನ್ಸ್ ಕೊಟ್ಟಿರಿ, 11 ತಿಂಗಳ ಕರಾರು ಅಂತ ಒಂದು ಬಾಂಡ್ ಪೇಪರ್ ಆಯಿತು, ಕೆಲವು ಸಲ ಅದೂ ಇಲ್ಲ. ಸಂಬಳ ತಡವಾದರೆ "ಕಾಕಾ, ಹತ್ತನೇ ತಾರೀಖಿಗೆ ಕೊಡ್ತೀನ್ರಿ" ಅಂದರೆ ಮುಗಿಯಿತು. ಇಲ್ಲಿ ಆ ಬಾಯಿಮಾತು ನಡೆಯಲ್ಲ. ಹಾಗಂತ ಇಲ್ಲಿನವರು ಕಲ್ಲುಮನಸ್ಸಿನವರಲ್ಲ. ತೊಂದರೆಯನ್ನು ಬರೆದು ತಿಳಿಸಿದರೆ ಬೇಕಾದಷ್ಟು ದಾರಿ ಇದೆ.

ಈ ಸಬ್ಸಿಡಿ ಮನೆ ಯಾರಿಗೆ ಸಿಗುತ್ತದೆ ಅನ್ನುವುದನ್ನು ಮೊದಲು ನೋಡೋಣ. ಮನೆಯಲ್ಲಿರುವ ಪ್ರತಿಯೊಬ್ಬರೂ ಕೆನಡಾ ನಾಗರಿಕರಾಗಿರಬೇಕು, ಇಲ್ಲವೇ ಪಿಆರ್ (ಕಾಯಂ ನೆಲೆಸುವ ಅನುಮತಿ) ಇರಬೇಕು, ಇಲ್ಲವೇ ಪಿಆರ್‌ಗೆ ಅಥವಾ ನಿರಾಶ್ರಿತ ಸ್ಥಾನಕ್ಕೆ ಅರ್ಜಿ ಹಾಕಿರಬೇಕು. ಬರೀ ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್ ಮೇಲೆ ಬಂದವರಿಗೆ ಸಿಗಲ್ಲ. ಆಸ್ತಿಗೂ ಒಂದು ಮಿತಿ ಇರುತ್ತದೆ, ಅದು ಊರಿಂದ ಊರಿಗೆ ಬೇರೆ. ಹಿಂದೆ ಇಂಥ ಮನೆಯಲ್ಲಿದ್ದು ಬಾಡಿಗೆ ಬಾಕಿ ಉಳಿಸಿದ್ದರೆ ಅದನ್ನು ತೀರಿಸಬೇಕು, ಅಥವಾ ಕಂತಿನಲ್ಲಿ ತೀರಿಸುತ್ತೇನೆ ಅಂತ ಒಪ್ಪಂದ ಮಾಡಿಕೊಳ್ಳಬೇಕು. ಪಾಳಿ ತುಂಬಾ ಉದ್ದ. ಟೊರಾಂಟೊದಲ್ಲಂತೂ ವರ್ಷಗಟ್ಟಲೆ ಕಾಯಬೇಕು, ದೊಡ್ಡ ಮನೆ ಬೇಕಾದರೆ ಹತ್ತು ವರ್ಷ ದಾಟುವುದೂ ಇದೆ. ಹಾಗಾಗಿ ಅರ್ಹತೆ ಬಂದ ಕೂಡಲೇ ಅರ್ಜಿ ಹಾಕಿ. ಹಾಕಿ ಮರೆಯಬೇಡಿ. ವರ್ಷಕ್ಕೊಮ್ಮೆ ಅರ್ಜಿ ನವೀಕರಿಸಿ, ವಿಳಾಸ, ಫೋನ್ ಬದಲಾದರೆ ತಿಳಿಸಿ. ಇನ್ನೊಂದು ವಿಷಯ, ಅರ್ಜಿಯಲ್ಲಿ ಬಿಲ್ಡಿಂಗ್ ಆರಿಸುವಾಗ ನಿಜವಾಗಿ ಇರಬಲ್ಲ ಕಡೆ ಮಾತ್ರ ಆರಿಸಿ. ಈಗ ನಿಯಮ ಬಿಗಿಯಾಗಿದೆ, ಮೊದಲು ಸಿಕ್ಕ ಮನೆ ಬೇಡ ಅಂದರೆ ಸಾಮಾನ್ಯವಾಗಿ ಪಟ್ಟಿಯಿಂದಲೇ ಹೆಸರು ತೆಗೆಯುತ್ತಾರೆ. ಮನೆಯೊಳಗೆ ಹೊಡೆತ, ಹಿಂಸೆ ಅನುಭವಿಸುತ್ತಿರುವ ಅಕ್ಕತಂಗಿಯರಿಗೆ ಬೇರೆ ಪಾಳಿ ಇದೆ, ಅವರಿಗೆ ಮೊದಲ ಆದ್ಯತೆ. ಇದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತೇ ಇರಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಈಗ ಬಾಡಿಗೆ ಲೆಕ್ಕ. ಇದನ್ನು ಇಲ್ಲಿ ಆರ್‌ಜಿಐ ಅಂತಾರೆ, ಅಂದರೆ ಆದಾಯ ನೋಡಿ ಬಾಡಿಗೆ. 2011ರ ಹೌಸಿಂಗ್ ಸರ್ವಿಸಸ್ ಆಕ್ಟ್ ಕೆಳಗೆ ಬರುತ್ತದೆ. ಕುಟುಂಬದ ವರ್ಷದ ನಿವ್ವಳ ಆದಾಯವನ್ನು 12ರಿಂದ ಭಾಗಿಸಿ, ಅದರ ಶೇ. 30 ಬಾಡಿಗೆ. ಗಂಡ ಹೆಂಡತಿ ಇಬ್ಬರದೂ ಸೇರಿ ವರ್ಷಕ್ಕೆ 36,000 ಡಾಲರ್ ಇದ್ದರೆ ತಿಂಗಳಿಗೆ 3,000, ಬಾಡಿಗೆ ಸುಮಾರು 900. ಕರೆಂಟ್, ಹೀಟಿಂಗ್ ಯಾರು ಕಟ್ಟುತ್ತಾರೆ ಅನ್ನುವುದರ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಒಂಟಾರಿಯೊ ವರ್ಕ್ಸ್ (ಕಷ್ಟದಲ್ಲಿರುವವರಿಗೆ ಸರ್ಕಾರದ ನೆರವು), ಒಡಿಎಸ್‌ಪಿ (ಅಂಗವಿಕಲರಿಗೆ ಸರ್ಕಾರದ ನೆರವು) ತೆಗೆದುಕೊಳ್ಳುವವರಿಗೆ ಬೇರೆ ಪಟ್ಟಿ ಇದೆ.

ನಿವ್ವಳ ಆದಾಯ ಎಲ್ಲಿಂದ ನೋಡುತ್ತಾರೆ? ನಿಮ್ಮ ಟ್ಯಾಕ್ಸ್ ಪತ್ರದಿಂದ. ಫೈಲ್ ಮಾಡಿದ ಮೇಲೆ ಕೆನಡಾ ರೆವೆನ್ಯೂ ಏಜೆನ್ಸಿ ಕಳಿಸುವ ನೋಟಿಸ್ ಆಫ್ ಅಸೆಸ್‌ಮೆಂಟ್‌ನಲ್ಲಿ 23600 ಅನ್ನುವ ಸಾಲು ಇರುತ್ತದೆ, ಅದೇ. ಅದಕ್ಕೇ ದುಡಿಮೆ ಇಲ್ಲದಿದ್ದರೂ ಗಂಡ ಹೆಂಡತಿ ಇಬ್ಬರೂ ಟ್ಯಾಕ್ಸ್ ಫೈಲ್ ಮಾಡಬೇಕು. ಏಪ್ರಿಲ್ 30 ಕೊನೆಯ ದಿನ. ಟ್ಯಾಕ್ಸಿ ಓಡಿಸುವವರಿಗೆ, ಸ್ವಂತ ವ್ಯವಹಾರದವರಿಗೆ ಜೂನ್ 15ರವರೆಗೆ ಅವಕಾಶ ಇದೆ, ಆದರೆ ಕಟ್ಟಬೇಕಾದ ದುಡ್ಡು ಏಪ್ರಿಲ್ 30ಕ್ಕೇ ಕಟ್ಟಬೇಕು. ಅಲ್ಲಿವರೆಗೆ ಕಾಯಬೇಡಿ, ಮಾರ್ಚ್‌ನಲ್ಲೇ ಮುಗಿಸಿಬಿಡಿ. ಕಡಿಮೆ ಆದಾಯದವರಿಗೆ ಸ್ವಯಂಸೇವಕರು ಪುಕ್ಕಟೆ ಫೈಲ್ ಮಾಡಿಕೊಡುವ ಕ್ಲಿನಿಕ್‌ಗಳು ಎಲ್ಲ ಕಡೆ ನಡೆಯುತ್ತವೆ. ಮಕ್ಕಳಿಗೆ ಬರುವ ಚೈಲ್ಡ್ ಬೆನಿಫಿಟ್ ಈ ಸಾಲಿನಲ್ಲಿ ಸೇರಲ್ಲ, ಅದರಿಂದ ಬಾಡಿಗೆ ಏರುತ್ತದೆ ಅಂತ ಹೆದರಬೇಡಿ. ಪೂರ್ತಿ ಸಮಯ ಓದುವ ಮಕ್ಕಳು ಸಂಜೆ ದುಡಿದರೂ ಅದು ಲೆಕ್ಕಕ್ಕಿಲ್ಲ, ಆದರೆ ಓದುತ್ತಿದ್ದಾರೆ ಅನ್ನುವುದಕ್ಕೆ ಕಾಲೇಜಿನ ಪತ್ರ ಕೊಡಬೇಕು.

ನಮ್ಮ ಕಡೆಯವರು ಎಡವುವುದು ಊರಿನ ಆದಾಯದಲ್ಲಿ. ಆಳಂದ ಕಡೆ ಹೊಲ ಇದೆ, ಲಾವಣಿಗೆ ಹಾಕಿದ್ದಾರೆ, ವರ್ಷಕ್ಕೆ ತೊಗರಿ ದುಡ್ಡು ಬರುತ್ತದೆ. ಇಂಡಿಯಾದಲ್ಲಿ ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲವಲ್ಲ, ಇಲ್ಲಿ ಯಾಕೆ ಹೇಳಬೇಕು ಅಂತ ಕೇಳುತ್ತಾರೆ. ಹೇಳಲೇಬೇಕು. ಕೆನಡಾದಲ್ಲಿ ನೆಲೆಸಿದವರು ಜಗತ್ತಿನ ಯಾವ ಮೂಲೆಯಿಂದ ದುಡ್ಡು ಬಂದರೂ ಇಲ್ಲಿ ತೋರಿಸಬೇಕು. ಬೀದರಿನ ಮನೆಯ ಬಾಡಿಗೆ, ಬ್ಯಾಂಕಿನ ಎಫ್‌ಡಿ ಬಡ್ಡಿ, ಎಲ್ಲವೂ. ಹೊರದೇಶದಲ್ಲಿರುವ ಆಸ್ತಿಗೆ ಕೊಟ್ಟ ಒಟ್ಟು ಬೆಲೆ 1,00,000 ಡಾಲರ್ ದಾಟಿದರೆ ಟಿ1135 ಅನ್ನುವ ಇನ್ನೊಂದು ಫಾರ್ಮ್ ಇದೆ, ಬರೀ ಸ್ವಂತ ವಾಸಕ್ಕೆ ಇಟ್ಟುಕೊಂಡ ಮನೆ ಅದರಲ್ಲಿ ಬರಲ್ಲ. ಇನ್ನು ವರ್ಷಪೂರ್ತಿ ವಾಸ ಮಾಡಬಹುದಾದ ಮನೆ ನಿಮ್ಮ ಹೆಸರಲ್ಲಿದ್ದರೆ ಅದನ್ನು ಅರ್ಜಿ ಹಾಕುವಾಗಲೇ ಬರೆಯಿರಿ. ಸಬ್ಸಿಡಿ ಮನೆಗೆ ಬಂದ ಮೇಲೆ ಅಂಥ ಮನೆಯನ್ನು ಇಟ್ಟುಕೊಳ್ಳುವುದಕ್ಕೆ ನಿರ್ಬಂಧ ಇದೆ. ಅಣ್ಣತಮ್ಮಂದಿರ ಜೊತೆ ಜಂಟಿ ಹೆಸರಲ್ಲಿರುವ ಹಳೇ ಮನೆ, ಪಾಲಾಗದ ಮನೆ, ಇವೆಲ್ಲ ನಮ್ಮಲ್ಲಿ ಸಾಮಾನ್ಯ. ಮುಚ್ಚಿಡಬೇಡಿ, ಕಾಗದಪತ್ರ ಸಮೇತ ತೋರಿಸಿ ಏನು ಮಾಡಬೇಕು ಅಂತ ಕೇಳಿ.

ವರ್ಷಕ್ಕೊಮ್ಮೆ ನಿಮ್ಮ ಆದಾಯ, ಕುಟುಂಬದ ಮರುಪರಿಶೀಲನೆ ಬರುತ್ತದೆ. ಒಂದು ದಪ್ಪ ಕವರ್, ಒಳಗೆ ಫಾರ್ಮ್, ಕೊನೆಯ ದಿನ ಬರೆದಿರುತ್ತದೆ. ಆ ಕವರನ್ನು ಫ್ರಿಜ್ ಮೇಲೆ ಇಟ್ಟು ಮರೆತರೆ ಸಬ್ಸಿಡಿ ನಿಲ್ಲುತ್ತದೆ, ಮಾರ್ಕೆಟ್ ಬಾಡಿಗೆ, ಅಂದರೆ ಸಬ್ಸಿಡಿ ಇಲ್ಲದ ಪೂರ್ತಿ ಬಾಡಿಗೆ ಬೀಳಬಹುದು. 900 ಕಟ್ಟುವವರು ಒಮ್ಮೆಲೇ 2,000 ಎಲ್ಲಿಂದ ತರುತ್ತಾರೆ? ಕವರ್ ಬಂದ ದಿನವೇ ತುಂಬಿ, ಕಾಪಿ ಇಟ್ಟುಕೊಂಡು, ಕೈಯಾರೆ ಕೊಟ್ಟು ತಾರೀಖಿನ ಸೀಲ್ ಹಾಕಿಸಿಕೊಳ್ಳಿ.

ಒಂದು ಒಳ್ಳೆಯ ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಈಗಿನ ನಿಯಮದಲ್ಲಿ ವರ್ಷದ ನಡುವೆ ಸಂಬಳ ಏರಿದರೆ, ಇನ್ನೊಂದು ಪಾರ್ಟ್ ಟೈಮ್ ಸಿಕ್ಕರೆ, ಬಾಡಿಗೆ ಆಗಲೇ ಏರಲ್ಲ, ಮುಂದಿನ ಮರುಪರಿಶೀಲನೆಗೇ ಏರುವುದು. ಆದಾಯ ಶೇ. 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ನಡುವೆಯೇ ಬಾಡಿಗೆ ಇಳಿಸಿ ಅಂತ ಕೇಳಬಹುದು. ಗೋದಾಮಿನ ಕೆಲಸ ಹೋಯಿತು, ಬಾಣಂತನಕ್ಕೆ ರಜೆ ಆಯಿತು ಅಂದರೆ ಆ ವಾರವೇ ಬರೆಯಿರಿ. "ಪಾಪ, ಅವರಿಗೇ ಗೊತ್ತಾಗುತ್ತೆ ಬಿಡಿ" ಅಂತ ಕೂತರೆ ಯಾರಿಗೂ ಗೊತ್ತಾಗಲ್ಲ. ಇನ್ನು ದುಡಿಮೆ ಚೆನ್ನಾಗಿ ಆಗಿ ಪೂರ್ತಿ ಮಾರ್ಕೆಟ್ ಬಾಡಿಗೆ ಕಟ್ಟುವ ಮಟ್ಟಕ್ಕೆ ಬಂದರೂ ಕೂಡಲೇ ಸಬ್ಸಿಡಿ ಹಕ್ಕು ಹೋಗಲ್ಲ. 24 ತಿಂಗಳು ಒಂದೇ ಸಮ ಹಾಗೆ ಕಟ್ಟಿದ ಮೇಲೆ ಹೋಗುತ್ತದೆ. ಅದಕ್ಕೇ ಸಬ್ಸಿಡಿ ಹೋಗುತ್ತೆ ಅಂತ ಒಳ್ಳೆ ಕೆಲಸ ಬಿಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಈಗ ಎಲ್ಲಕ್ಕಿಂತ ಸೂಕ್ಷ್ಮದ ವಿಷಯ: ಮನೆಯಲ್ಲಿ ಯಾರಿದ್ದಾರೆ. ನಮ್ಮಲ್ಲಿ ಮನೆಗೆ ಬಂದವರನ್ನು ಹೋಗಿ ಅನ್ನುವ ಪದ್ಧತಿ ಇಲ್ಲ. ಮಗು ಆದಾಗ ಅವ್ವ ಅಪ್ಪ ಬರುತ್ತಾರೆ. ಈಗ ಸೂಪರ್ ವೀಸಾ (ತಂದೆತಾಯಿಗೆ ಕೊಡುವ ವಿಶೇಷ ವೀಸಾ) ಮೇಲೆ ಒಂದೇ ಸಲಕ್ಕೆ 5 ವರ್ಷದವರೆಗೂ ಇರಬಹುದು. ವೀಸಾ 5 ವರ್ಷ ಕೊಟ್ಟಿತು ಅಂದರೆ ಮನೆಯಲ್ಲೂ 5 ವರ್ಷ ಇಟ್ಟುಕೊಳ್ಳಬಹುದು ಅಂತ ಅಲ್ಲ. ಅವರು ನಿಮ್ಮ ಆರ್‌ಜಿಐ ಕುಟುಂಬದ ಲೆಕ್ಕದಲ್ಲಿ ಸೇರಲ್ಲ, ಅತಿಥಿಗಳು. ಅತಿಥಿ ಎಷ್ಟು ದಿನ ಇರಬಹುದು ಅನ್ನುವುದಕ್ಕೆ ಒಂದೊಂದು ಸಂಸ್ಥೆಗೆ ಒಂದೊಂದು ನಿಯಮ ಇದೆ. ಟಿಕೆಟ್ ಮಾಡುವ ಮೊದಲೇ ಆಫೀಸಿಗೆ ಈಮೇಲ್ ಹಾಕಿ: ಇಂಥವರು ಬರುತ್ತಾರೆ, ಇಷ್ಟು ದಿನ ಇರುತ್ತಾರೆ, ಬಾಣಂತನಕ್ಕೆ ಸಹಾಯ ಮಾಡಲು ಬರುತ್ತಿದ್ದಾರೆ. ಅವರು ಕೊಟ್ಟ ಉತ್ತರವನ್ನು ಜೋಪಾನವಾಗಿ ಇಡಿ.

ಓದಲು ಬಂದ ಹುಡುಗರ ಕಥೆ ಇನ್ನೂ ಕಷ್ಟ. ಅಣ್ಣನ ಮಗ ಯಾದಗಿರಿಯಿಂದ ಕಾಲೇಜಿಗೆ ಬಂದಿದ್ದಾನೆ, ಹೊರಗೆ ಒಂದು ಕೋಣೆಯ ಬಾಡಿಗೆಯೇ ತುಂಬಾ ಜಾಸ್ತಿ, ನಮ್ಮ ಹಾಲ್‌ನಲ್ಲಿ ಮಲಗಲಿ ಅನ್ನಿಸುವುದು ಸಹಜ. ನಾಲ್ಕು ದಿನ ಊಟ ಹಾಕಿ, ಮನೆ ಹುಡುಕಿಕೊಡಿ. ಕಾಯಂ ಇಟ್ಟುಕೊಳ್ಳಬೇಡಿ. ತಿಂಗಳಿಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ಕೋಣೆ ಕೊಡುವುದಂತೂ ಬೇಡವೇ ಬೇಡ. ಸಬ್ಸಿಡಿ ಮನೆಯನ್ನು ಒಳಬಾಡಿಗೆಗೆ ಕೊಡುವ ಹಾಗಿಲ್ಲ. ಸಿಕ್ಕಿಬಿದ್ದರೆ ಸಬ್ಸಿಡಿ ಹೋಗುವುದಷ್ಟೇ ಅಲ್ಲ, ಹಿಂದೆ ಪಡೆದ ಸಬ್ಸಿಡಿಯನ್ನೂ ವಾಪಸ್ ಕೇಳಬಹುದು. ಆ ಹುಡುಗನಿಗೂ ಬೀದಿ, ನಿಮಗೂ ಬೀದಿ.

ಮಗು ಹುಟ್ಟಿದರೆ, ಮದುವೆಯಾಗಿ ಮಗಳು ಹೋದರೆ, ಗಂಡ ಹೆಂಡತಿ ಬೇರೆಯಾದರೆ, ಇವನ್ನೆಲ್ಲ ತಡ ಮಾಡದೆ ಬರೆದು ತಿಳಿಸಬೇಕು. ಎಷ್ಟು ದಿನದೊಳಗೆ ಅನ್ನುವುದು ನಿಮ್ಮ ಕರಾರಿನಲ್ಲಿ ಇರುತ್ತದೆ. ಜನ ಕಡಿಮೆಯಾಗಿ ಕೋಣೆ ಜಾಸ್ತಿಯಾದರೆ ಚಿಕ್ಕ ಮನೆಗೆ ಹೋಗಿ ಅನ್ನಬಹುದು, ಅದಕ್ಕೆ ಮಾನಸಿಕವಾಗಿ ತಯಾರಿರಿ. ಹಾಗೇ ಊರಿಗೆ ಹೋದರೆ ಎಷ್ಟು ದಿನ ಮನೆ ಖಾಲಿ ಬಿಡಬಹುದು ಅನ್ನುವುದಕ್ಕೂ ಮಿತಿ ಇದೆ. ಶರಣಬಸವೇಶ್ವರ ಜಾತ್ರೆಗೆ ಅಂತ ಹೋಗಿ, ಮದುವೆ ಸೀಸನ್ ಮುಗಿಸಿ, ಬೇಸಿಗೆ ರಜೆ ಕಳೆದು ಬರುತ್ತೇನೆ ಅನ್ನುವವರು ಮೊದಲು ಆ ಮಿತಿ ಕೇಳಿ ತಿಳಿದುಕೊಳ್ಳಿ.

ಬಾಡಿಗೆ ಕಟ್ಟುವುದು ತಿಂಗಳ ಮೊದಲ ದಿನ. ಒಂದು ದಿನ ತಡವಾದರೂ ಎನ್-4 ಅನ್ನುವ ನೋಟಿಸ್ ಬರಬಹುದು. ನೋಡಿ ಎದೆ ಒಡೆದುಕೊಳ್ಳಬೇಡಿ, ಮನೆ ಖಾಲಿ ಮಾಡಿ ಅನ್ನುವ ಆದೇಶ ಅದಲ್ಲ. ಎಷ್ಟು ದಿನ ಸಮಯ ಅನ್ನುವುದು ನೋಟಿಸ್‌ನಲ್ಲೇ ಬರೆದಿರುತ್ತದೆ, ಅಷ್ಟರಲ್ಲಿ ಪೂರ್ತಿ ಬಾಕಿ ಕಟ್ಟಿದರೆ ನೋಟಿಸ್ ಅಲ್ಲಿಗೇ ಮುಗಿಯಿತು. ಕಟ್ಟದಿದ್ದರೆ ಬಾಡಿಗೆ ತಕರಾರು ತೀರ್ಮಾನಿಸುವ ಲ್ಯಾಂಡ್‌ಲಾರ್ಡ್ ಆಂಡ್ ಟೆನೆಂಟ್ ಬೋರ್ಡ್‌ಗೆ ಹೋಗುತ್ತದೆ, ಅಲ್ಲಿ ನಿಮ್ಮ ಮಾತನ್ನೂ ಕೇಳುತ್ತಾರೆ. ಬೋರ್ಡ್ ಆದೇಶ ಇಲ್ಲದೆ ಯಾರೂ ನಿಮ್ಮ ಬೀಗ ಬದಲಿಸುವ ಹಾಗಿಲ್ಲ, ಸಾಮಾನು ಹೊರಗೆ ಹಾಕುವ ಹಾಗಿಲ್ಲ. ನೋಟಿಸ್ ನೋಡಿ ಮರ್ಯಾದೆಗೆ ಅಂಜಿ ರಾತ್ರೋರಾತ್ರಿ ಮನೆ ಬಿಟ್ಟವರಿದ್ದಾರೆ. ಹಾಗೆ ಮಾಡಬೇಡಿ. ಆಫೀಸಿಗೆ ಹೋಗಿ ಕಂತು ಮಾಡಿಕೊಡಿ ಅಂತ ಕೇಳಿ.

ನಿಮ್ಮ ಹಕ್ಕುಗಳೂ ಇವೆ. 2006ರ ರೆಸಿಡೆನ್ಷಿಯಲ್ ಟೆನೆನ್ಸೀಸ್ ಆಕ್ಟ್ ಪ್ರಕಾರ ರಿಪೇರಿ ಮಾಲೀಕರ ಕೆಲಸ. ಒಳಗೆ ಬರಬೇಕಾದರೆ 24 ಗಂಟೆ ಮೊದಲು ಬರೆದು ತಿಳಿಸಬೇಕು, ಬೆಳಿಗ್ಗೆ 8ರಿಂದ ರಾತ್ರಿ 8ರ ಒಳಗೆ ಬರಬೇಕು. ಬೆಂಕಿ, ನೀರು ಸೋರಿಕೆಯಂಥ ತುರ್ತು ಬೇರೆ. ಡ್ಯಾಮೇಜ್ ಡಿಪಾಸಿಟ್ ಅಂತ ಕೇಳುವ ಹಾಗಿಲ್ಲ, ಕೊನೆಯ ತಿಂಗಳ ಬಾಡಿಗೆಯನ್ನು ಮಾತ್ರ ಮುಂಗಡ ತೆಗೆದುಕೊಳ್ಳಬಹುದು. ರಸೀದಿ ಕೇಳಿದರೆ ಪುಕ್ಕಟೆ ಕೊಡಬೇಕು. ಆದರೆ ವರ್ಷಕ್ಕೆ ಇಷ್ಟೇ ಶೇಕಡಾ ಬಾಡಿಗೆ ಏರಿಸಬೇಕು ಅನ್ನುವ ಮಿತಿ ಇದೆಯಲ್ಲ, 2025ರಲ್ಲಿ ಅದು ಶೇ. 2.5 ಇತ್ತು, ಅದು ಆದಾಯ ನೋಡಿ ಹಾಕುವ ಬಾಡಿಗೆಗೆ ಲಾಗೂ ಆಗಲ್ಲ. ಆದಾಯ ಏರಿದಷ್ಟು ಬಾಡಿಗೆ ಏರುತ್ತದೆ.

ಮನೆ ಇಟ್ಟುಕೊಳ್ಳುವ ರೀತಿ ಬಗ್ಗೆ ಸ್ವಲ್ಪ. ಒಗ್ಗರಣೆ ಹಾಕಿದಾಗ, ರೊಟ್ಟಿ ಬೆಂಕಿ ಮೇಲೆ ಸುಟ್ಟಾಗ ಸ್ಮೋಕ್ ಅಲಾರಂ ಕೂಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟುವುದು, ಬ್ಯಾಟರಿ ತೆಗೆಯುವುದು ಇಲ್ಲಿ ಅಪರಾಧ, ದಂಡ ಬೀಳುತ್ತದೆ, ಜೀವಕ್ಕೂ ಅಪಾಯ. ಕಿಟಕಿ ತೆಗೆಯಿರಿ, ಫ್ಯಾನ್ ಹಾಕಿ. ಜೋಳದ ರೊಟ್ಟಿ ಬಡಿಯುವ ಸದ್ದು ಕೆಳಗಿನ ಮನೆಗೆ ದಡದಡ ಕೇಳುತ್ತದೆ. ಬೆಳಗಿನ ಜಾವ ಬೇಡ, ಕೆಳಗೆ ದಪ್ಪ ಬಟ್ಟೆ ಹಾಕಿಕೊಂಡು ಹೊತ್ತು ಏರಿದ ಮೇಲೆ ಬಡಿಯಿರಿ. ಸದ್ದಿನ ತಕರಾರು ಮೇಲಿಂದ ಮೇಲೆ ಬಂದರೆ ಅದಕ್ಕೂ ನೋಟಿಸ್ ಇದೆ. ರಸ್ತೆ ಬದಿ ಇಟ್ಟ ಹಾಸಿಗೆ, ಸೋಫಾ ಎಷ್ಟೇ ಚೆಂದ ಕಂಡರೂ ತರಬೇಡಿ, ತಿಗಣೆ ಬರುತ್ತವೆ. ಬಂದರೆ ನಾಚಿಕೆಪಡದೆ ಕೂಡಲೇ ಹೇಳಿ. ಔಷಧಿ ಹೊಡೆಸುವುದು ಅವರ ಕೆಲಸ, ಬಟ್ಟೆ ಒಗೆದು ಸಾಮಾನು ಸರಿಸಿ ಮನೆ ತಯಾರು ಮಾಡಿಕೊಡುವುದು ನಿಮ್ಮದು. ಬಿಲ್ಡಿಂಗ್‌ನ ವಿಮೆ ನಿಮ್ಮ ಸಾಮಾನಿಗೆ ಬರಲ್ಲ, ಬಾಡಿಗೆದಾರರ ವಿಮೆ ಬೇರೆ ಮಾಡಿಸಿಕೊಳ್ಳಿ.

ನಿಮಗೆ ಸಿಕ್ಕಿರುವುದು ಕೋ-ಆಪ್ (ಸಹಕಾರ ಸಂಘದ) ಮನೆಯಾದರೆ ನೀವು ಬರೀ ಬಾಡಿಗೆದಾರರಲ್ಲ, ಸದಸ್ಯರು. ಸಭೆಗೆ ಹೋಗಬೇಕು, ಬಹಳ ಕಡೆ ತಿಂಗಳಿಗೆ ಒಂದಿಷ್ಟು ಹೊತ್ತು ಕೆಲಸಕ್ಕೂ ಕೈಹಾಕಬೇಕು. ಹೋಗಿ, ಅಲ್ಲೇ ಮಂದಿ ಪರಿಚಯ ಆಗುವುದು.

ಬಾಡಿಗೆ ತಪ್ಪಾಗಿ ಲೆಕ್ಕ ಹಾಕಿದ್ದಾರೆ, ಸಬ್ಸಿಡಿ ಅನ್ಯಾಯವಾಗಿ ತೆಗೆದಿದ್ದಾರೆ ಅನ್ನಿಸಿದರೆ ಆ ನಿರ್ಧಾರವನ್ನು ಮತ್ತೆ ನೋಡಿ ಅಂತ ಕೇಳುವ ಹಕ್ಕು ನಿಮಗಿದೆ. ನಿರ್ಧಾರದ ಪತ್ರದಲ್ಲೇ ಎಷ್ಟು ದಿನದೊಳಗೆ ಕೇಳಬೇಕು ಅಂತ ಇರುತ್ತದೆ, ಆ ತಾರೀಖು ದಾಟಿಸಬೇಡಿ. 211 ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಹತ್ತಿರದ ಕಮ್ಯುನಿಟಿ ಲೀಗಲ್ ಕ್ಲಿನಿಕ್ ಯಾವುದು ಅಂತ ಕೇಳಿ. ಕಡಿಮೆ ಆದಾಯದವರಿಗೆ ಅಲ್ಲಿನ ವಕೀಲರು ಫೀಸು ತೆಗೆದುಕೊಳ್ಳಲ್ಲ. ಇಂಗ್ಲಿಷ್ ತೊಡಕಾದರೆ ಇಂಟರ್‌ಪ್ರಿಟರ್ ಬೇಕು ಅಂತ ಮೊದಲೇ ಹೇಳಿ. ಹೋಗುವಾಗ ಕರಾರು, ಬಂದ ಎಲ್ಲ ಪತ್ರ, ನೋಟಿಸ್ ಆಫ್ ಅಸೆಸ್‌ಮೆಂಟ್, ಬಾಡಿಗೆ ಕಟ್ಟಿದ ರಸೀದಿ ಇಷ್ಟನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ.