ಮೂರು ಪಾಠ ಹೋದ ಮೇಲೆ ನಾನು ಜೀವಶಾಸ್ತ್ರ ಹೇಳಿಕೊಟ್ಟ ಬಗೆ

ಹಾಸನ ಜಿಲ್ಲೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. 2023ರ ಜೂನ್‌ನಲ್ಲಿ ಸೆಕೆಂಡ್ ಪಿಯು ಪುಸ್ತಕ ತೆಗೆದು ಮೊದಲು ಪಾಠ ಎಣಿಸಿದೆ. 16 ಇದ್ದದ್ದು 13 ಆಗಿತ್ತು. ಕೋವಿಡ್ ಆದ ಮೇಲೆ ಮಕ್ಕಳ ಹೊರೆ ಇಳಿಸಬೇಕು ಅಂತ, ನಮ್ಮ ಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಮೂರು ಪಾಠ ತೆಗೆದಿತ್ತು. ಸ್ಟಾಫ್ ರೂಮಿನಲ್ಲಿ ಫಿಸಿಕ್ಸ್ ಮೇಷ್ಟ್ರು, "ನಿಮಗೇನ್ರೀ, ಡಿಸೆಂಬರ್‌ಗೆಲ್ಲ ಪೋರ್ಷನ್ ಮುಗಿದು ಹೋಗತ್ತೆ" ಅಂದರು. ನಾನೂ ನಂಬಿದೆ. ಆ ವರ್ಷ ಪೋರ್ಷನ್ ಮುಗಿದದ್ದು ಹಿಂದಿನ ವರ್ಷಕ್ಕಿಂತ ಒಂದು ವಾರ ತಡವಾಗಿ.

ಹೋದವು ಯಾವುವು ಅಂದರೆ, ಮೊದಲನೆಯ ಪಾಠವಾಗಿದ್ದ ಜೀವಿಗಳಲ್ಲಿ ಸಂತಾನೋತ್ಪತ್ತಿ, ನಡುವೆ ಇದ್ದ ಆಹಾರ ಉತ್ಪಾದನೆ ಹೆಚ್ಚಿಸುವ ವಿಧಾನಗಳು, ಕೊನೆಯಲ್ಲಿದ್ದ ಪರಿಸರದ ಸಮಸ್ಯೆಗಳು. ಉಳಿದ ಪಾಠಗಳ ಒಳಗೂ ಕತ್ತರಿ ಆಡಿತ್ತು. ಫಸ್ಟ್ ಪಿಯುನಲ್ಲಿ ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಜೀರ್ಣಕ್ರಿಯೆ ಮೂರೂ ಹೋದವು. ಮನುಷ್ಯನಿಗೆ ಶ್ವಾಸಕೋಶ ಇದೆ, ರಕ್ತ ಇದೆ, ಮೂತ್ರಪಿಂಡ ಇದೆ, ಹೊಟ್ಟೆ ಮಾತ್ರ ಇಲ್ಲ! ಹೊರೆ ಇಳಿಸಬೇಕು ಅನ್ನುವುದು ಸರಿಯೇ, ಕೋವಿಡ್ ಕಾಲದ ಮಕ್ಕಳನ್ನು ನೋಡಿದವರಿಗೆ ಅದು ಗೊತ್ತು. ಆದರೆ ತೆಗೆದದ್ದು ಬಿಡಿ ಇಟ್ಟಿಗೆಗಳಲ್ಲ ಅನ್ನುವುದು ನನಗೆ ಅರ್ಥವಾಗಿದ್ದು ತರಗತಿಗೆ ಹೋದ ಮೇಲೆ.

ಮೊದಲ ವಾರವೇ ಎಡವಿದೆ. ಹೊಸ ಪುಸ್ತಕ ಶುರುವಾಗುವುದು ಹೂಬಿಡುವ ಸಸ್ಯಗಳ ಲೈಂಗಿಕ ಸಂತಾನೋತ್ಪತ್ತಿಯಿಂದ. ಎರಡನೇ ದಿನಕ್ಕೇ ಪರಾಗಕೋಶ, ಮಿಯಾಸಿಸ್ (ವಂಶವಾಹಿ ಹೊತ್ತ ಕ್ರೋಮೋಸೋಮ್‌ಗಳು ಅರ್ಧಕ್ಕೆ ಇಳಿಯುವ ಕೋಶ ವಿಭಜನೆ), ಹ್ಯಾಪ್ಲಾಯ್ಡ್ ಕಣ (ಹಾಗೆ ಅರ್ಧ ಉಳಿದ ಜೀವಕೋಶ). ಮಕ್ಕಳು ಬರೆದುಕೊಳ್ಳುತ್ತಿದ್ದರು, ತಲೆ ಆಡಿಸುತ್ತಿದ್ದರು. "ಪರಾಗದಲ್ಲಿ ಕ್ರೋಮೋಸೋಮ್ ಅರ್ಧ ಯಾಕೆ ಆಗಬೇಕು?" ಅಂತ ಸುಮ್ನೆ ಕೇಳಿದೆ. 60 ಮಕ್ಕಳಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಇದನ್ನು ಹದ ಮಾಡಿಕೊಡುತ್ತಿದ್ದದ್ದೇ ಕಿತ್ತುಹಾಕಿದ ಆ ಮೊದಲ ಪಾಠ.

ಮರುದಿನ ಒಂದು ಆಲೂಗಡ್ಡೆ ಹಿಡಿದುಕೊಂಡು ಹೋದೆ. ನಮ್ಮ ಕಡೆ ಇದನ್ನು ಪರಿಚಯ ಮಾಡಿಕೊಡಬೇಕಿಲ್ಲ ಅಲ್ವಾ, ಅರ್ಧ ಕ್ಲಾಸಿನ ಮನೆಯಲ್ಲಿ ಜಲಂಧರ್ ಕಡೆಯಿಂದ ಬಂದ ಬಿತ್ತನೆ ಆಲೂಗಡ್ಡೆ ತಂದು, ಕಣ್ಣು ಇರುವ ಹಾಗೆ ಕತ್ತರಿಸಿ ನೆಡುತ್ತಾರೆ. "ಇದಕ್ಕೆ ಹೂವೂ ಬಿಡತ್ತೆ, ಮತ್ತೆ ಯಾಕೆ ಗಡ್ಡೆ ನೆಡ್ತೀರಿ?" ಅಂದೆ. ಹಿಂದಿನ ಬೆಂಚಿನ ಹುಡುಗ, ಆತ ಅದುವರೆಗೆ ಒಂದು ಮಾತೂ ಆಡಿದವನಲ್ಲ, "ಬೀಜದಿಂದ ಮಾಡಿದ್ರೆ ಒಂದೊಂದು ಗಿಡ ಒಂದೊಂದು ಥರ ಬರತ್ತೆ ಮಿಸ್" ಅಂದ. ಅಲ್ಲಿಂದ ಪಾಠ ತಾನೇ ಹೊರಟಿತು. ಒಂದೇ ತಳಿಯ ಗಡ್ಡೆಯಿಂದ ಬಂದ ಗಿಡಗಳೆಲ್ಲ ಒಂದೇ ಅಚ್ಚು, ಅದಕ್ಕೇ ಅಂಗಮಾರಿ ರೋಗ ಬಂದರೆ ಇಡೀ ಹೊಲಕ್ಕೆ ಬರುತ್ತದೆ ಅಂತ ಅವರೇ ಹೇಳಿದರು. ಹಳೇ ಪುಸ್ತಕದ ಕ್ರೋಮೋಸೋಮ್ ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆದೆ: ಆಲೂಗಡ್ಡೆಗೆ 48, ಅದರ ಪರಾಗಕ್ಕೆ 24, ಅಂಡದ 24 ಸೇರಿದರೆ ಮತ್ತೆ 48. ಭತ್ತಕ್ಕೆ 24, ಮನುಷ್ಯನಿಗೆ 46. ಎರಡೇ ಪೀರಿಯಡ್. ಆಮೇಲೆ ಪರಾಗಕೋಶಕ್ಕೆ ಹೋದರೆ ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ.

ಅಂದಿನಿಂದ ನಾನು ಮಾಡುತ್ತಾ ಬಂದದ್ದು ಇಷ್ಟೇ. ಕಿತ್ತುಹಾಕಿದ ಪಾಠವನ್ನು ಪಾಠವಾಗಿ ಮಾಡುವುದಿಲ್ಲ, ಮುಂದಿನದು ಅದರ ಮೇಲೆ ನಿಂತಿದ್ದರೆ ಅದಕ್ಕೆ ಬೇಕಾದಷ್ಟನ್ನು ಮಾತ್ರ ಹೊಲಿಯುತ್ತೇನೆ. ದ್ಯುತಿಸಂಶ್ಲೇಷಣೆಗೆ ಮೊದಲು ನೀರು ಬೇರಿನಿಂದ ಎಲೆಗೆ ಹೇಗೆ ಏರುತ್ತದೆ ಅನ್ನುವುದಕ್ಕೆ ಒಂದು ಪೀರಿಯಡ್, ಕೆಂಪು ಶಾಯಿಯ ನೀರಲ್ಲಿ ಕರ್ಣಕುಂಡಲದ ಕಡ್ಡಿ ಇಟ್ಟು. ಇದೇ ಕತ್ತರಿಯಲ್ಲಿ ಮೊಘಲ್ ಕಾಲದ ಇತಿಹಾಸ ಬಿಟ್ಟರು ಅಂತ ಟಿವಿಯಲ್ಲಿ ದಿನವೆಲ್ಲ ಜಗಳ ನಡೆಯಿತು, ನಮ್ಮ ಬೇರಿನ ಬಗ್ಗೆ ಯಾರೂ ಜಗಳ ಆಡಲಿಲ್ಲ. ಪರಿಸರದ ಸಮಸ್ಯೆಗಳನ್ನು ನಾನು ಪೂರ್ತಿ ಬಿಟ್ಟೆ, ಅದನ್ನು ಮಕ್ಕಳು ಹೈಸ್ಕೂಲಿನಿಂದ ಕೇಳಿ ಕೇಳಿ ಬೇಸತ್ತಿರುತ್ತಾರೆ. ಆಹಾರ ಉತ್ಪಾದನೆ ಹೋದದ್ದಕ್ಕೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ತಳಿ ಅಭಿವೃದ್ಧಿ, ಜೇನು, ಹೈನುಗಾರಿಕೆ, ಅಂಗಾಂಶ ಕೃಷಿ, ಇಡೀ ಪುಸ್ತಕದಲ್ಲಿ ರೈತರ ಮಕ್ಕಳು ನನಗಿಂತ ಜಾಸ್ತಿ ಮಾತಾಡುತ್ತಿದ್ದ ಪಾಠ ಅದೊಂದೇ.

ಇನ್ನು ಪರೀಕ್ಷೆ. ಥಿಯರಿ 70, ಪ್ರಾಕ್ಟಿಕಲ್ 30, ಇದು ಹಾಗೇ ಇದೆ. ಬದಲಾದದ್ದು 70ರ ಒಳಗಿನ ಹಂಚಿಕೆ. 2023ರ ಮಾರ್ಚ್‌ನಿಂದ ಎ ಭಾಗದಲ್ಲಿ 15 ಬಹು ಆಯ್ಕೆ ಪ್ರಶ್ನೆ (ಎಂಸಿಕ್ಯು), ಜೊತೆಗೆ ಕೊಟ್ಟ ಪದಗಳಿಂದ ಆರಿಸಿ ತುಂಬುವ ಐದು ಬಿಟ್ಟ ಸ್ಥಳ. ಒಟ್ಟು 20 ಅಂಕ. ಪಾಸಾಗುವುದು ಸುಲಭ ಆಯ್ತು ಅಂತ ಎಲ್ಲರೂ ಖುಷಿಪಟ್ಟರು. ನಮ್ಮ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆ ತಿದ್ದಿದರೆ ಕಥೆಯೇ ಬೇರೆ. ಐದು ಅಂಕದ ಉತ್ತರವನ್ನು ಮುತ್ತಿನಂತೆ ಬರೆಯುವ ಹುಡುಗಿ ಎ ಭಾಗದಲ್ಲಿ 20ಕ್ಕೆ 9 ತೆಗೆದಿದ್ದಳು. ಅವಳು ಓದಿದ್ದು ಗೈಡಿನ ಉತ್ತರಗಳನ್ನು, ಪ್ರಶ್ನೆ ಬಂದದ್ದು ಪುಸ್ತಕದ ಸಾಲುಗಳಿಂದ.

ಎಂಸಿಕ್ಯು ಪುಸ್ತಕ ಕೊಳ್ಳಿಸುವ ಬದಲು ಮಕ್ಕಳ ಕೈಯಲ್ಲೇ ಪ್ರಶ್ನೆ ಮಾಡಿಸಿದೆ. ಒಬ್ಬರಿಗೆ ಒಂದು ಪುಟ, ಅದರಿಂದ ಒಂದು ಪ್ರಶ್ನೆ, ನಾಲ್ಕು ಆಯ್ಕೆ. ಷರತ್ತು ಒಂದೇ, ಮೂರು ತಪ್ಪು ಆಯ್ಕೆಗಳು ಎಲ್ಲಿಂದ ಬಂದವು ಅಂತ ಹೇಳಬೇಕು, ಬಾಯಿಗೆ ಬಂದ ನಂಬರ್ ಹಾಕುವ ಹಾಗಿಲ್ಲ. ಟರ್ನರ್ ಸಿಂಡ್ರೋಮ್‌ನಲ್ಲಿ ಕ್ರೋಮೋಸೋಮ್ ಎಷ್ಟು ಅಂತ ಒಬ್ಬಳು ಕೇಳಿದಳು. (ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಕಡಿಮೆ ಇದ್ದರೆ ಟರ್ನರ್, ಒಂದು ಹೆಚ್ಚಿರುವ ಸ್ಥಿತಿಗಳಲ್ಲಿ ಒಂದು ಕ್ಲೈನ್‌ಫೆಲ್ಟರ್.) ಆಯ್ಕೆ 45, 46, 47, 48. "45 ಉತ್ತರ, 46 ನಾವು, 47 ಕ್ಲೈನ್‌ಫೆಲ್ಟರ್" ಅಂದಳು. 48? "ಆಲೂಗಡ್ಡೆ ಮಿಸ್." ಕ್ಲಾಸ್ ಐದು ನಿಮಿಷ ಕೈಗೆ ಸಿಗಲಿಲ್ಲ. ಮೊದಮೊದಲು ಬಂದ ಪ್ರಶ್ನೆಗಳಲ್ಲಿ ಅರ್ಧ ಉಪಯೋಗಕ್ಕೆ ಬಾರದವು, ನಿಜ. ಆದರೆ ಪ್ರಶ್ನೆ ಮಾಡಲಿಕ್ಕಾದರೂ ಪುಟವನ್ನು ಮೂರು ಸಲ ಓದುತ್ತಿದ್ದರು, ನನಗೆ ಬೇಕಾಗಿದ್ದದ್ದು ಅದೇ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಬಿಟ್ಟ ಸ್ಥಳ ಇನ್ನೂ ಕಷ್ಟ. ವಿಷಯ ಗೊತ್ತಿರುತ್ತದೆ, ಪಟ್ಟಿಯಲ್ಲಿ ಕೊಟ್ಟ ಇಂಗ್ಲಿಷ್ ಪದ ಯಾವುದು ಅಂತ ಗೊತ್ತಿರುವುದಿಲ್ಲ. ಅವರಿಗೆ 100 ಪುಟದ ಒಂದು ನೋಟ್‌ಬುಕ್ ಇಡಿಸಿದೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ, ಕೆಳಗೆ ಒಂದು ಸಣ್ಣ ಚಿತ್ರ. ದಿನಕ್ಕೆ ಐದು ಪದ, ಅದಕ್ಕಿಂತ ಜಾಸ್ತಿ ಬೇಡ. ಇನ್ನೆರಡು ಸಣ್ಣ ವಿಷಯಗಳನ್ನು ನಾನು ಗೋಡೆಗೇ ಅಂಟಿಸಿದ್ದೇನೆ. ಎ ಭಾಗದಲ್ಲಿ ಮೊದಲು ಬರೆದ ಉತ್ತರವನ್ನಷ್ಟೇ ನೋಡುತ್ತಾರೆ, ಕೊನೆಗೆ ಹೊಳೆಯಿತು ಅಂತ ಇನ್ನೊಂದು ಸಲ ಬರೆದರೆ ವ್ಯರ್ಥ. ಭಾಗಗಳ ಹೆಸರು ಬರೆಯದ ಚಿತ್ರಕ್ಕೆ ಅಂಕ ಇಲ್ಲ. ಎರಡೂ ಪ್ರಶ್ನೆಪತ್ರಿಕೆಯ ಮೇಲೇ ಅಚ್ಚಾಗಿರುತ್ತವೆ, ಯಾರೂ ಓದುವುದಿಲ್ಲ.

ತಲೆ ನಿಜವಾಗಿ ಕೆಟ್ಟದ್ದು ಸಿಇಟಿ, ನೀಟ್ ಪ್ರವೇಶ ಪರೀಕ್ಷೆಗಳ ವಿಷಯದಲ್ಲಿ. 2024ರ ಏಪ್ರಿಲ್ 18ರಂದು ಸಿಇಟಿ ಜೀವಶಾಸ್ತ್ರ ಮುಗಿಸಿ ಬಂದ ಮಕ್ಕಳು, "ಪುಸ್ತಕದಲ್ಲಿ ಇಲ್ಲದ್ದೆಲ್ಲ ಬಂದಿದೆ ಮಿಸ್" ಅಂತ ಫೋನ್ ಮಾಡಿದರು. ಗಲಾಟೆ ಆಗಿ, ಕೊನೆಗೆ ನಾಲ್ಕು ವಿಷಯಗಳಿಂದ 50 ಪ್ರಶ್ನೆಗಳನ್ನು ಲೆಕ್ಕದಿಂದ ಬಿಟ್ಟರು. 60 ಪ್ರಶ್ನೆಯ ನಮ್ಮ ಪತ್ರಿಕೆಯಲ್ಲೇ 11. ನ್ಯಾಯವೇ ಅದು. ಆದರೆ ನಾನು ಹೊಲಿದು ಸೇರಿಸಿದ್ದ ತುಂಡುಗಳಿಂದ ನನ್ನ ಕೆಲವು ಮಕ್ಕಳು ಅಂಥ ಎರಡು ಮೂರು ಪ್ರಶ್ನೆ ಸರಿ ಮಾಡಿದ್ದರು, ಅವೂ ಹೋದವು. ಅವರ ಮುಖ ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನೀಟ್‌ನ ಪಠ್ಯಕ್ರಮದ ಪಟ್ಟಿ ಇನ್ನೊಂದು ಥರ. 2024ರದ್ದನ್ನು ಪ್ರಿಂಟ್ ತೆಗೆದು ಪುಸ್ತಕದ ಪಕ್ಕ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕೂತೆ. ಸಸ್ಯ ಕುಟುಂಬಗಳಲ್ಲಿ ಪುಸ್ತಕ ಉಳಿಸಿಕೊಂಡದ್ದು ಬದನೆ, ಮೆಣಸಿನಕಾಯಿಯ ಸೊಲನೇಸಿ ಒಂದನ್ನೇ. ನೀಟ್ ಕೇಳಿದ್ದು ಬೇರೆ ಐದನ್ನು! ಪ್ರಾಣಿಗಳ ಕಡೆ ಬಂದರೆ ಒಂದು ಕೀಟದ ರಚನೆ ಅಂತ ಬರೆದು, ಆವರಣದಲ್ಲಿ ಕಪ್ಪೆ ಅಂತ ಹಾಕಿದ್ದರು. ಕಪ್ಪೆ ಎಂದಿನಿಂದ ಕೀಟ ಆಯ್ತು? ಹಳೇ ಪುಸ್ತಕದ ಜಿರಳೆಯನ್ನು ತೆಗೆದು ಕಪ್ಪೆಯನ್ನು ಕೂರಿಸಿದಾಗ ಹಿಂದಿನ ಪದ ಹಾಗೇ ಉಳಿದಿರಬೇಕು ಅಂದುಕೊಂಡೆ, ಮತ್ತೆ ಎರಡನ್ನೂ ಹೇಳಿಕೊಟ್ಟೆ. ಕುಟುಂಬಗಳಿಗೆ ಪುಸ್ತಕ ಹುಡುಕಲಿಲ್ಲ. ಶನಿವಾರ ಮನೆಯಿಂದ ಹೂ ತರಲು ಹೇಳಿದೆ: ದಾಸವಾಳ, ಸಾಸಿವೆ, ಅವರೆ, ಸೇವಂತಿಗೆ, ಜೊತೆಗೆ ಒಂದು ರಾಗಿ ತೆನೆ. ಐದೂ ಕುಟುಂಬ ಟೇಬಲ್ ಮೇಲೆ ಬಂದು ಕೂತವು. ಸೇವಂತಿಗೆ ಒಂದು ಹೂವಲ್ಲ, ಹೂಗಳ ಗೊಂಚಲು ಅಂತ ಬ್ಲೇಡಿನಲ್ಲಿ ಸೀಳಿ ನೋಡಿದಾಗ ಮುಡಿಯಲ್ಲಿ ಮುಡಿದಿದ್ದವಳೇ ತೆಗೆದು ಎಣಿಸತೊಡಗಿದಳು.

ಅದೇ ವರ್ಷ ಸೆಕೆಂಡ್ ಪಿಯುಗೆ ವರ್ಷಕ್ಕೆ ಮೂರು ಸಲ ವಾರ್ಷಿಕ ಪರೀಕ್ಷೆ ನಡೆಸುವ ಪದ್ಧತಿ ಬಂತು. ಪರೀಕ್ಷೆ 1ರ ಫಲಿತಾಂಶ ಏಪ್ರಿಲ್ 10ಕ್ಕೆ, ಪರೀಕ್ಷೆ 2 ಶುರು ಏಪ್ರಿಲ್ 29ಕ್ಕೆ. ನಡುವೆ ಸಿಇಟಿ, ಆಚೆ ಮೇ 5ಕ್ಕೆ ನೀಟ್. ನಮಗೆ ರಜೆ ಅನ್ನುವುದು ಕ್ಯಾಲೆಂಡರಿನಲ್ಲಿ ಮಾತ್ರ. ಆದರೂ ಈ ಪದ್ಧತಿಯನ್ನು ನಾನು ಬೈಯುವುದಿಲ್ಲ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು, ಫೇಲಾದವರಿಗೆ ವರ್ಷ ಹಾಳಾಗುವುದಿಲ್ಲ. ಆ ಹಿಂದಿನ ಬೆಂಚಿನ ಆಲೂಗಡ್ಡೆ ಹುಡುಗ ಥಿಯರಿಯಲ್ಲಿ 18 ತೆಗೆದು ಫೇಲಾಗಿದ್ದ. ಇದ್ದ ದಿನಗಳಲ್ಲಿ ಎಲ್ಲವನ್ನೂ ಓದಿಸುವ ಹುಚ್ಚಿಗೆ ಹೋಗದೆ ಮೆಂಡಲ್‌ನ ಅಡ್ಡತಳಿ, ಡಿಎನ್‌ಎ ರಚನೆ, ಸೂಕ್ಷ್ಮಜೀವಿಗಳ ಪಾಠ, ಎಂಟು ಚಿತ್ರ, ಇಷ್ಟನ್ನೇ ಹಿಡಿಸಿದೆ. ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಒಂದು ಚಿತ್ರವನ್ನು ನೋಡದೆ ಬರೆದು, ಹೆಸರು ಹಾಕಿ ಹೋಗುತ್ತಿದ್ದ. 31 ಬಂತು. ಈಗ ಹಾಸನದಲ್ಲೇ ಬಿಎಸ್‌ಸಿ ಓದುತ್ತಿದ್ದಾನೆ.

ಹೋದ ಜೂನ್‌ನಲ್ಲಿ ಕಾಲೇಜು ತೆರೆದ ದಿನ ಲ್ಯಾಬಿನ ಕಪಾಟು ತೆಗೆದರೆ, ಫೆಬ್ರವರಿಯಲ್ಲಿ ಯಾರೋ ತಂದಿಟ್ಟು ಮರೆತಿದ್ದ ಆಲೂಗಡ್ಡೆ ಗೇಣುದ್ದ ಮೊಳಕೆ ಬಿಟ್ಟುಕೊಂಡು ಬಾಗಿಲ ಸಂದಿಯ ಬೆಳಕಿನ ಕಡೆ ಬಾಗಿತ್ತು. ಅಟೆಂಡರ್ ಅಣ್ಣ ಎಸೆಯಲು ಹೊರಟಿದ್ದರು. ಕೈಯಿಂದ ಇಸಿದುಕೊಂಡು ಸೀದಾ ಕ್ಲಾಸಿಗೆ ಹೋದೆ.